ಕೇಳದೆ ಹಾಸಿದ ಹುಲ್ಲು

ಹುಲ್ಲುಹಾಸು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಕಲ್ಯಾಣಮಂಟಪದ ಮುಂದಿನದಾಗಲಿ, ಆಸ್ಪತ್ರೆಯ ಮುಂದಿನದಾಗಲಿ, ಮಟ್ಟಸವಾಗಿ ಕತ್ತರಿಸಿಟ್ಟ ಹಸಿರು ಹುಲ್ಲು ಕಣ್ಣಿಗೆ ಬಿದ್ದ ಕೂಡಲೇ ಮುಖ ಗಂಟಿಕ್ಕಿಕೊಳ್ಳುತ್ತದೆ. "ಏನಮ್ಮಾ, ಹುಲ್ಲು ನಿಂಗೇನು ಮಾಡ್ತು?" ಎಂದು ಮಗಳು ನಗುತ್ತಾಳೆ. ಹುಲ್ಲು ಏನೂ ಮಾಡಲಿಲ್ಲ, ಪಾಪ. ತಂದು ಹಾಸಿದವರು ಮಾಡಿದರು. ಆ ಸಿಟ್ಟು ಇಷ್ಟು ವರ್ಷವಾದರೂ ಆರಿಲ್ಲ. ಆರಿಸಿಕೊಳ್ಳುವ ಆಸೆಯೂ ನನಗಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಮಹದೇವಪುರ ದಾಟಿ ವೈಟ್‌ಫೀಲ್ಡ್ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ಸರ್ಕಾರಿ ಕಾರ್ಖಾನೆ, ಅದರ ಹಿಂದೆ ನಮ್ಮ ಕಾಲೊನಿ. ನಮ್ಮ ಯಜಮಾನರು ಮೆಷಿನ್ ಶಾಪಿನಲ್ಲಿ ಫೋರ್ಮನ್ ಆಗಿದ್ದರು. ಕಾಂಪೌಂಡಿನ ಆಚೆಗೆ ಹಳೆಯ ಊರು, ಈಚೆಗೆ ನಮ್ಮ ಕ್ವಾರ್ಟರ್ಸ್. ಆ ಊರಿನವರ ರಾಗಿ ಹೊಲಗಳ ಮೇಲೆಯೇ ಕಾರ್ಖಾನೆಯೂ ಕ್ವಾರ್ಟರ್ಸೂ ಎದ್ದಿದ್ದವು. ಜಮೀನು ಹೋದ ಮನೆಗಳಲ್ಲಿ ಒಬ್ಬೊಬ್ಬರಿಗೆ ಒಳಗೆ ಹೆಲ್ಪರ್ ಕೆಲಸ ಕೊಟ್ಟಿದ್ದರು. ಅವರು ಖಾಕಿ ಹಾಕಿಕೊಂಡು, ತಮ್ಮದೇ ಹೊಲವಾಗಿದ್ದ ಜಾಗಕ್ಕೆ ಗೇಟಿನಲ್ಲಿ ಪಾಸ್ ತೋರಿಸಿ ಒಳಗೆ ಬರುತ್ತಿದ್ದರು.

ಮದುವೆಗೆ ಮುಂಚೆ ಸಿಟಿಯಲ್ಲಿದ್ದಾಗ ನಾನು ಮಾಂಟೆಸ್ಸೊರಿ ತರಬೇತಿ ಮಾಡಿಕೊಂಡಿದ್ದೆ. ಅದು ಹೇಗೋ ಕಾಲೊನಿಯ ಮಹಿಳಾ ಸಮಾಜದ ಕಿವಿಗೆ ಬಿದ್ದು, ಚಿಕ್ಕ ಮಕ್ಕಳಿಗೆ ಒಂದು ಮಾಂಟೆಸ್ಸೊರಿ ಶುರು ಮಾಡೋಣ, ನೀವೇ ನೋಡಿಕೊಳ್ಳಿ ಎಂದರು. ಮಹಿಳಾ ಸಮಾಜಕ್ಕೆ ಅಧ್ಯಕ್ಷೆ ಯಾರಾಗಬೇಕು ಎಂಬುದಕ್ಕೆ ಚುನಾವಣೆ ಗಿನಾವಣೆ ಇರಲಿಲ್ಲ. ಕಾರ್ಖಾನೆಯಲ್ಲಿ ಯಾರ ಗಂಡ ಎಲ್ಲರಿಗಿಂತ ಮೇಲೋ ಆಕೆ ಅಧ್ಯಕ್ಷೆ. ಆತನ ಕೆಳಗಿನವರ ಹೆಂಡತಿ ಕಾರ್ಯದರ್ಶಿ. ಗಂಡನಿಗೆ ಬಡ್ತಿಯಾದರೆ ಸಭೆಯಲ್ಲಿ ಹೆಂಡತಿಯ ಕುರ್ಚಿಯೂ ಒಂದು ಸಾಲು ಮುಂದಕ್ಕೆ ಬರುತ್ತಿತ್ತು. ನಾನು ಫೋರ್ಮನ್ ಹೆಂಡತಿ. ನನ್ನ ಕುರ್ಚಿ ಎಲ್ಲಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕಟ್ಟಡದ ಕಂಟ್ರಾಕ್ಟರು ಬಿಟ್ಟುಹೋದ ಸಿಮೆಂಟ್ ಗೋಡೌನನ್ನು ತೊಳೆದು, ಸುಣ್ಣ ಹೊಡೆದು ನಮಗೆ ಕೊಟ್ಟರು. ಎರಡು ರೂಮು, ಮುಂದೆ ಒಂದು ವರಾಂಡ, ಹಿಂದೆ ಜಲ್ಲಿ ಚೂರು, ತಂತಿ ತುಂಡು ಬಿದ್ದಿದ್ದ ಒಂದಿಷ್ಟು ಖಾಲಿ ನೆಲ. ಮಾಂಟೆಸ್ಸೊರಿ ಅಂದರೆ ಏನೋ ದೊಡ್ಡ ವಿದ್ಯೆ ಅಂತ ಜನ ತಿಳಿಯುತ್ತಾರೆ. ಅದರ ಬೇರು ತೀರ ಸರಳ. ಮಗು ತನಗೆ ಬೇಕಾದ ಸಾಮಾನನ್ನು ತಾನೇ ಕಪಾಟಿನಿಂದ ತೆಗೆದುಕೊಳ್ಳಬೇಕು. ಒಂದು ಚಾಪೆ ಹಾಸಿಕೊಂಡು ಅದರ ಮೇಲೆ ಕೆಲಸ ಮಾಡಬೇಕು. ಮುಗಿದ ಮೇಲೆ ಸಾಮಾನನ್ನು ತೆಗೆದಲ್ಲಿಗೇ ಇಟ್ಟು, ಚಾಪೆಯನ್ನು ಸುತ್ತಿ ಅದರ ಜಾಗದಲ್ಲಿ ನಿಲ್ಲಿಸಬೇಕು. ಮುಂದೆ ಬರುವ ಮಗುವಿಗೆ ಎಲ್ಲ ಸಿದ್ಧವಾಗಿರಬೇಕು, ಅಷ್ಟೆ. ಯಾರಾದರೂ ಮರೆತು ಚಾಪೆಯನ್ನು ಹಾಸಿಯೇ ಬಿಟ್ಟುಹೋದರೆ, ಕಂಡ ಮಗು ಅದನ್ನು ಎತ್ತಿಡುತ್ತಿತ್ತು. ಅದಕ್ಕೆ ನಾನು ಹೇಳಬೇಕಾಗಿಯೂ ಇರಲಿಲ್ಲ.

ಇನ್ನೊಂದು ನಿಯಮವಿತ್ತು. ಇಬ್ಬರು ಮಕ್ಕಳ ನಡುವೆ ಏನಾದರೂ ಆದರೆ ನಾನು ನ್ಯಾಯ ಹೇಳುತ್ತಿರಲಿಲ್ಲ. ಇಬ್ಬರೂ ಎದುರುಬದುರು ನಿಂತುಕೊಳ್ಳಬೇಕು. ಒಬ್ಬರು ತಾವು ಮಾಡಿದ್ದನ್ನು ಹೇಳಬೇಕು: "ನಿನ್ನ ಚಾಪೆ ತುಳಿದೆ, ತಪ್ಪಾಯ್ತು." ಆಮೇಲೆ ಇನ್ನೊಬ್ಬರು ತಮ್ಮದನ್ನು ಹೇಳುವ ತನಕ ಕಾಯಬೇಕು: "ನಾನು ನಿನ್ನ ತಳ್ಳಿದೆ, ತಪ್ಪಾಯ್ತು." ಹೇಳಲು ಬಾಯಿ ಬರದೆ ಒಬ್ಬರು ತೊದಲುತ್ತಿದ್ದರೆ ಅವಸರ ಮಾಡುವಂತಿಲ್ಲ, ನಿಂತು ಕಾಯಬೇಕು. ಎಷ್ಟೋ ಸಲ ಇಬ್ಬರು ಪುಟಾಣಿಗಳು ಕೈಕಟ್ಟಿಕೊಂಡು, ಮೂಗು ಸುರಿಸಿಕೊಂಡು, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೇ ಇರುತ್ತಿದ್ದರು. ಕೊನೆಗೆ ಮಾತು ಬರುತ್ತಿತ್ತು.

ಮೊದಲ ವರ್ಷ ಎಲ್ಲ ಒಳಗೇ ನಡೆಯಿತು. ಒಂದು ಲೋಟದಿಂದ ಇನ್ನೊಂದಕ್ಕೆ ಕಾಳು ಸುರಿಯುವುದು, ಗುಂಡಿ ಹಾಕುವುದು, ಉಪ್ಪುಕಾಗದದ ಅಕ್ಷರದ ಮೇಲೆ ಬೆರಳಾಡಿಸುವುದು. ಒಂದು ದಿನ ಕಾಳು ಸುರಿಯುತ್ತಿದ್ದ ಹುಡುಗನೊಬ್ಬ, ಕ್ವಾರ್ಟರ್ಸಿನಲ್ಲೇ ಹುಟ್ಟಿ ಬೆಳೆದವನು, ಕೈಯಲ್ಲಿ ಅವರೆಕಾಳು ಹಿಡಿದು, "ಮಿಸ್, ಇದನ್ನ ಯಾವ ಫ್ಯಾಕ್ಟ್ರೀಲಿ ಮಾಡ್ತಾರೆ?" ಎಂದ. ನಾನು ನಕ್ಕೆ. ಮನೆಗೆ ಹೋದ ಮೇಲೆ ನಗು ಬರಲಿಲ್ಲ. ಅವನಪ್ಪ, ನಮ್ಮ ಯಜಮಾನರು, ಅಕ್ಕಪಕ್ಕದವರು ಎಲ್ಲರೂ ಮಾಡುವ ಕೆಲಸವೇ ಅದಾಗಿರುವಾಗ ಮಗು ಇನ್ನೇನು ತಾನೆ ಕೇಳೀತು? ಮಾರನೆಯ ದಿನವೇ ಮಕ್ಕಳನ್ನು ಹಿಂದಿನ ಖಾಲಿ ನೆಲಕ್ಕೆ ಕರೆದುಕೊಂಡು ಹೋದೆ.

ಜಲ್ಲಿ ಆರಿಸುವುದಕ್ಕೇ ಒಂದು ಬೇಸಿಗೆ ಹಿಡಿಯಿತು. ಮಕ್ಕಳಿಗೆ ಅದಕ್ಕಿಂತ ಇಷ್ಟದ ಕೆಲಸ ಇನ್ನೊಂದಿರಲಿಲ್ಲ. ದೊಡ್ಡ ಕಲ್ಲು ಒಂದು ಬುಟ್ಟಿಗೆ, ಚಿಕ್ಕದು ಒಂದಕ್ಕೆ, ತಂತಿ ಮೊಳೆ ನನ್ನ ಕೈಗೆ. ಮೂಲೆಯಲ್ಲಿ ಒಂದು ತಿಪ್ಪೆಗುಂಡಿ ತೋಡಿದೆವು. ಊರಿನಿಂದ ಸಗಣಿ ತರಿಸಿದೆ. ಒಣಗಿದೆಲೆ, ಊಟದ ಡಬ್ಬಿಯಲ್ಲಿ ಉಳಿದದ್ದು, ಸೊಪ್ಪಿನ ದಂಟು ಎಲ್ಲ ಅದಕ್ಕೇ ಹೋಗುತ್ತಿತ್ತು. ನೆಲದಿಂದ ಏನು ತೆಗೆದರೂ ನೆಲಕ್ಕೆ ಮತ್ತೆ ಏನಾದರೂ ಇಡಬೇಕು ಎಂದು ನಾನು ಹೇಳಿದ್ದೇ ತಡ, ಮಕ್ಕಳಿಗೆ ಕೂಡಲೇ ಅರ್ಥವಾಯಿತು. ಚಾಪೆಯ ನಿಯಮ ತಾನೆ ಅದು! ದೊಡ್ಡವರಿಗೆ ಅರ್ಥವಾಗಲಿಲ್ಲ.

ಕಾಲೊನಿಯ ತಾಯಂದಿರು ಮೂಗು ಮುರಿದರು. "ಏನ್ ಮಿಸ್, ಯೂನಿಫಾರಂ ಎಲ್ಲ ಮಣ್ಣು. ಕಾನ್ವೆಂಟಿನ ಮಕ್ಕಳು ಎ ಬಿ ಸಿ ಡಿ ಒಪ್ಪಿಸ್ತವೆ, ನಮ್ದು ಎರೆಹುಳ ಜೇಬಲ್ಲಿಟ್ಕೊಂಡು ಬರುತ್ತೆ" ಎಂದು ಒಬ್ಬಾಕೆ ನನ್ನ ಮೇಲೆ ಹರಿಹಾಯ್ದರು. ಊರಿನ ಕಡೆಯಿಂದಲೂ ಬೆಂಬಲ ಸಿಗಲಿಲ್ಲ. ನಮ್ಮಲ್ಲಿ ಊರಿನ ಒಬ್ಬಳೇ ಒಬ್ಬಳು ಹುಡುಗಿ ಇದ್ದಳು, ಎರಡು ಬಿಗಿ ಜಡೆಯವಳು, ಮಾತು ಕಡಿಮೆ, ಕೈ ಚುರುಕು. ಅವಳಪ್ಪ ಕಾರ್ಖಾನೆಯಲ್ಲಿ ಹೆಲ್ಪರ್. ಹೇಗೋ ಕಷ್ಟಪಟ್ಟು, ಆಫೀಸರ್‌ಗಳ ಮಕ್ಕಳ ಜೊತೆ ತನ್ನ ಮಗಳೂ ಕೂರಲಿ ಎಂದು ಸೇರಿಸಿದ್ದ. ಆತ ಒಂದು ದಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತುಕೊಂಡು ಹೇಳಿದ: "ಮೇಡಂ, ನಾವೇ ಮಣ್ಣು ಬುಟ್ಟು ಬಂದೀವಿ. ನಮ್ಮ ಮಗೀಗೆ ತಿರ್ಗ ಮಣ್ಣು ಯಾಕೆ ಇಡುಸ್ತೀರಾ? ಅದನ್ನ ನಾವು ಮನೇಲೇ ಕಲ್ಸಾಕಿಲ್ವಾ?"

ನಾನು ಆತನನ್ನು ಹಿಂದಿನ ಹೊಲಕ್ಕೆ ಕರೆದುಕೊಂಡು ಹೋದೆ. ಆಗ ಜುಲೈ. ಮಕ್ಕಳು ದಾರ ಕಟ್ಟಿ ಗೆರೆ ಎಳೆದು ರಾಗಿ ಬಿತ್ತಿದ್ದರು. ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ ಹಾಕಿದ್ದರು. ಎರಡು ಬೆಳೆಯೂ ಆಗಲೇ ಬೆರಳೆತ್ತರ ಬಂದಿದ್ದವು. ಆತ ಸಾಲುಗಳ ಉದ್ದಕ್ಕೂ ನೋಡಿದ. ಆಮೇಲೆ, "ಇದು ನಮ್ಮಪ್ಪನ ಒಲ" ಎಂದ. ಎಲ್ಲಿಂದ ಎಲ್ಲಿಯವರೆಗೆ ಎಂದು ಕೈಯಲ್ಲಿ ತೋರಿಸಲೂ ಇಲ್ಲ. ಮಗಳನ್ನು ಬಿಡಿಸುವ ಮಾತು ಮತ್ತೆ ಎತ್ತಲಿಲ್ಲ.

ಆ ವರ್ಷ ಮಳೆ ಚೆನ್ನಾಗಿತ್ತು. ಮಕ್ಕಳು ತಮ್ಮ ತಮ್ಮ ಸಾಲಿನಲ್ಲಿ ಕೂತು ಕಳೆ ಕಿತ್ತರು. ಪೈರಿಗೂ ಕಳೆಗೂ ವ್ಯತ್ಯಾಸ ತಿಳಿಯಲು ಮೊದಮೊದಲು ಒಂದಿಷ್ಟು ರಾಗಿಯೂ ಹೋಯಿತು, ಹೋಗಲಿ. ತೆನೆ ಬಂದಾಗ ಗುಬ್ಬಿ ಓಡಿಸಿದರು. ಕೊಯ್ಲಿನ ದಿನ ಕುಡುಗೋಲು ನಾನು ಹಿಡಿದೆ, ತೆನೆ ಅವರು ಆಯ್ದರು, ಬಡಿದರು, ತೂರಿದರು. ಹಿಟ್ಟು ಮಾಡಿಸಿ ಗಂಜಿ ಕಾಯಿಸಿಕೊಟ್ಟೆ. ಕಾನ್ವೆಂಟಿನ ಗುಣಗಾನ ಮಾಡಿದ್ದ ಆ ತಾಯಿಯ ಮಗ ಮೂರು ಲೋಟ ಕುಡಿದ. ನನಗೆ ಹೊಟ್ಟೆ ತಣ್ಣಗಾಯಿತು.

ಅಕ್ಕಡಿ ಸಾಲಿನ ಸುಖ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ರಾಗಿ ಕೊಯ್ದ ಮೇಲೂ ಹೊಲ ಮುಗಿಯುವುದಿಲ್ಲ. ಅವರೆ ಅಲ್ಲೇ ನಿಂತಿರುತ್ತದೆ. ಕೂಳೆಯ ನಡುವೆ ಕೆದರಿಕೊಂಡು, ನೋಡುವುದಕ್ಕೆ ಚೆಂದವೇನೂ ಇರುವುದಿಲ್ಲ. ಚಳಿ ಬಿದ್ದ ಮೇಲೆಯೇ ಅದಕ್ಕೆ ಜೀವ. ಇಬ್ಬನಿ ಬಿದ್ದಷ್ಟೂ ಸೊಗಡು. ಸಂಕ್ರಾಂತಿ ಹೊತ್ತಿಗೆ ಕಾಯಿ ತುಂಬುತ್ತದೆ. ನಾನು ಮಕ್ಕಳಿಗೆ ಮಾತು ಕೊಟ್ಟಿದ್ದೆ: ನೀವು ಬಿತ್ತಿದ ಅವರೆ ನೀವೇ ಕೀಳೋದು, ನೀವೇ ಸುಲಿಯೋದು, ನೆನೆಹಾಕಿ ನೀವೇ ಹಿದುಕೋದು, ನಾನು ಸಾರು ಮಾಡೋದು. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪಟಕ್ಕನೆ ಹಾರುವ ಆ ಕೆಲಸಕ್ಕೆ ಸಮವಾದ ಸಾಮಾನು ಯಾವ ಮಾಂಟೆಸ್ಸೊರಿ ಕಪಾಟಿನಲ್ಲೂ ಇಲ್ಲ. ಮಕ್ಕಳು ದಿನಾ ಬೆಳಿಗ್ಗೆ ಬಂದವರೇ ಹಿಂದಕ್ಕೆ ಓಡಿ, ಎಳೆಕಾಯಿ ಮುಟ್ಟಿ, "ಇವತ್ತಾ ಮಿಸ್?" ಎಂದು ಕೇಳುತ್ತಿದ್ದರು. "ಇನ್ನೂ ಇಲ್ಲ" ಎನ್ನುತ್ತಿದ್ದೆ. ಕಾಯುವುದನ್ನು ಕಲಿಯುತ್ತಿದ್ದರು.

ಜನವರಿ ಶುರುವಿನಲ್ಲಿ ಸುದ್ದಿ ಬಂತು. ದೆಹಲಿಯಿಂದ ದೊಡ್ಡ ಅಧಿಕಾರಿಯೊಬ್ಬರು ಕಾರ್ಖಾನೆ ನೋಡಲು ಬರುತ್ತಾರೆ, ಅವರ ಜೊತೆಗೆ ಅವರ ಹೆಂಡತಿಯೂ. ಗಂಡಂದಿರು ಮೆಷಿನ್ ತೋರಿಸುವ ಹೊತ್ತಿಗೆ ಹೆಂಡತಿಯರು ಏನು ತೋರಿಸಬೇಕು? ನಮ್ಮ ಮಾಂಟೆಸ್ಸೊರಿಯನ್ನು. ಅಧ್ಯಕ್ಷೆ ಕಾರ್ಯದರ್ಶಿಯನ್ನು ಜೊತೆಗೆ ಕರೆದುಕೊಂಡು ನೋಡಲು ಬಂದರು. ಒಳಗೆಲ್ಲ ಮೆಚ್ಚಿದರು. ಹಿಂಬಾಗಿಲಿಗೆ ಬಂದು ನಿಂತದ್ದೇ ಮುಖ ಹುಳ್ಳಗಾಯಿತು.

"ಇದೇನ್ ಮಿಸ್, ಹೀಗ್ ಬಿಟ್ಟಿದೀರಾ?"

"ಅವರೆ ಮೇಡಂ. ಕಾಯಿ ಕಟ್ಟಿದೆ."

"ರಾಗಿ ಕೊಯ್ದಾಯ್ತಲ್ಲ? ನಮಗೂ ಗಂಜಿ ಕಳ್ಸಿದ್ರಲ್ಲ ನೀವು. ಇನ್ನು ಉಳಿದಿರೋದು ಕಳೆ ತಾನೆ?"

ನಾನು ತಾಳ್ಮೆಯಿಂದಲೇ ಹೇಳಿದೆ. ಹೌದು, ನನಗೂ ತಾಳ್ಮೆ ಇರುತ್ತದೆ. ಇದು ಕಳೆಯಲ್ಲ, ಎರಡನೆಯ ಬೆಳೆ, ಸಂಕ್ರಾಂತಿಗೆ ಬರುತ್ತೆ, ಮಕ್ಕಳಿಗೆ ಮಾತು ಕೊಟ್ಟಿದೀನಿ, ಬಂದ ಅತಿಥಿಗಳಿಗೂ ಅದನ್ನೇ ತೋರಿಸೋಣ ಎಂದೆ. ಆಕೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಒಂದು ಹೆಜ್ಜೆ ಇಟ್ಟು, ಹಿಂದಕ್ಕೆ ತೆಗೆದುಕೊಂಡು, "ನೋಡೋಣ" ಎಂದರು. ಪೆದ್ದು ನಾನು, ನೋಡೋಣ ಅಂದರೆ ನೋಡುತ್ತಾರೆ ಎಂದುಕೊಂಡೆ.

ಶನಿವಾರ ಭಾನುವಾರ ನಮಗೆ ರಜ. ಸೋಮವಾರ, ಅತಿಥಿಗಳು ಬರುವ ದಿನ, ಬೆಳಿಗ್ಗೆ ಬೀಗ ತೆಗೆದು ಹಿಂಬಾಗಿಲು ತೆರೆದರೆ, ಅವರೆ ಇಲ್ಲ. ಕೂಳೆ ಇಲ್ಲ. ತಿಪ್ಪೆಗುಂಡಿ ಮುಚ್ಚಿದೆ. ಈ ಗೋಡೆಯಿಂದ ಆ ಗೋಡೆಯವರೆಗೆ ಹಸಿರು ಹುಲ್ಲುಹಾಸು. ಅಂಚಿಗೆ ಓರೆಯಾಗಿ ನೆಟ್ಟ ಇಟ್ಟಿಗೆ, ಒಂದಕ್ಕೆ ಸುಣ್ಣ ಒಂದಕ್ಕೆ ಕೆಮ್ಮಣ್ಣು. ನಾಲ್ಕು ಮೂಲೆಗೆ ಕ್ರೋಟನ್ ಕುಂಡ. ಹುಲ್ಲನ್ನು ಪಕ್ಕದ ಕೆರೆ ಅಂಗಳದಿಂದ ಬೇರುಮಣ್ಣಿನ ಸಮೇತ ಚೌಕ ಚೌಕವಾಗಿ ಹೆರೆದು ತಂದು, ಒಂದರ ಪಕ್ಕ ಒಂದು ಜೋಡಿಸಿದ್ದರು. ಮಕ್ಕಳಿಗೆ ಮಣ್ಣು ತೋರಿಸುತ್ತೇನೆಂದು ನಾನು ಒದ್ದಾಡುತ್ತಿದ್ದರೆ ಇವರು ಕೆರೆಯನ್ನೂ ಸುಲಿದು ತಂದಿದ್ದರು! ಮೈಯೆಲ್ಲ ಉರಿದುಹೋಯಿತು. ಕಣ್ಣಲ್ಲಿ ನೀರೂ ಬಂತು. ಸಿಟ್ಟು ಮಿತಿಮೀರಿದಾಗ ನನಗೆ ಅಳು ಬರುತ್ತದೆ, ಅದಕ್ಕೂ ಸೇರಿ ಇನ್ನಷ್ಟು ಸಿಟ್ಟು ಬರುತ್ತದೆ.

ಎಸ್ಟೇಟ್ ಸೆಕ್ಷನ್ನಿನ ಕೂಲಿಯಾಕೆಯೊಬ್ಬರು ಇನ್ನೂ ಅಲ್ಲೇ ಪೈಪು ಹಿಡಿದು ನೀರು ಬಿಡುತ್ತಿದ್ದರು.

"ಯಾರಕ್ಕಾ ಇದನ್ನ ಕಿತ್ತಿದ್ದು? ಅವರೆ ಅಂತ ಗೊತ್ತಾಗ್ಲಿಲ್ವಾ ನಿಮಗೆ?"

"ಅವರೆ ಗೊತ್ತಾಗ್ದೆ ಇರ್ತದಾ ಕಣವ್ವಾ? ಕೀಳಿ ಅಂದ್ರು, ಕಿತ್ವಿ. ಊವು ಕಾಯಿ ಎಲ್ಲ ಇತ್ತು. ಅಸುಗಳಿಗೆ ಆಕುದ್ವಿ, ತಿಂದ್ವು ಪಾಪ."

ಆಕೆಯ ಜೊತೆ ಏನು ಜಗಳ? ಅಷ್ಟು ಹೊತ್ತಿಗೆ ಮಕ್ಕಳು ಒಬ್ಬೊಬ್ಬರೇ ಬರಲು ಶುರು ಮಾಡಿದ್ದರು. ನಮ್ಮ ಆಯಾಗೆ ನೋಡಿಕೊಳ್ಳಲು ಹೇಳಿ, ನಾನು ಸಮಾಜದ ಆಫೀಸಿಗೆ ದಾಪುಗಾಲು ಹಾಕಿದೆ. ಅಲ್ಲಿ ಕಾರ್ಯದರ್ಶಿ ಹೂವಿನ ಹಾರಗಳಿಗೆ ನೀರು ಚಿಮುಕಿಸುತ್ತಿದ್ದರು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕೇಳುವ ಸೌಜನ್ಯ ಬೇಡವಾ, ಅಷ್ಟು ಪುಟ್ಟ ಮಕ್ಕಳು ಆರು ತಿಂಗಳು ಸಾಕಿದ ಬೆಳೆ, ನಿಮ್ಮ ಮನೆ ಅಡುಗೆಮನೆಗೆ ನುಗ್ಗಿ ಒಲೆ ಮೇಲಿನ ಪಾತ್ರೆ ಯಾರಾದರೂ ಚೆಲ್ಲಿದರೆ ಸುಮ್ಮನಿರುತ್ತೀರಾ ಎಂದೆ. ಆಕೆ, "ಮಿಸ್, ಇವತ್ತು ಬೇಡ, ಪ್ಲೀಸ್, ಗೆಸ್ಟ್ ಬರೋ ಹೊತ್ತಾಯ್ತು" ಎನ್ನುತ್ತ ಹಾರಗಳನ್ನು ತಟ್ಟೆಗೆ ಎತ್ತಿಟ್ಟರು. ಹೊರಗೆ ಆಗಲೇ ಕಾರುಗಳು ಬಂದು ನಿಂತವು. ಬಂದ ದಾರಿಯಲ್ಲೇ ಅತಿಥಿಗಳ ಹಿಂದೆ ನಾನೂ ವಾಪಸ್ಸು ನಡೆಯಬೇಕಾಯಿತು.

ಮಾಂಟೆಸ್ಸೊರಿಯ ಮುಂದೆ ಬಂದಾಗ ಒಳಗೆ ಒಂದು ಚೂರೂ ಸದ್ದಿಲ್ಲ. ಮಕ್ಕಳನ್ನು ಎಲ್ಲಿಗಾದರೂ ಕಳಿಸಿಬಿಟ್ಟರಾ ಎಂದು ನಾನು ಎಲ್ಲರಿಗಿಂತ ಮುಂದೆ ನುಗ್ಗಿದೆ. ಒಳಗೆ ಹೋಗಿ ಹಿಂಬಾಗಿಲಿನಲ್ಲಿ ನೋಡಿದರೆ, ಎಲ್ಲರೂ ಕೆಲಸದಲ್ಲಿದ್ದಾರೆ. ಹುಲ್ಲಿನ ಚೌಕಗಳನ್ನು ಒಂದೊಂದಾಗಿ ಎಬ್ಬಿಸಿ, ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದುಕೊಂಡು, ತಟ್ಟೆ ಹಿಡಿದು ನಡೆಯುವ ಪಾಠದಲ್ಲಿ ಹೇಳಿಕೊಟ್ಟ ಹಾಗೆಯೇ ಒಬ್ಬರಿಗೊಬ್ಬರು ತಾಗದಂತೆ ನಡೆದು, ಹಿಂದಿನ ರೂಮಿನಲ್ಲಿ ಚಾಪೆಗಳನ್ನಿಡುವ ಜಾಗದಲ್ಲೇ ಒಂದರ ಮೇಲೊಂದು ಜೋಡಿಸುತ್ತಿದ್ದಾರೆ. ಬೇರು ಇನ್ನೂ ನೆಲಕ್ಕೆ ಕಚ್ಚಿರಲಿಲ್ಲ, ಸಲೀಸಾಗಿ ಏಳುತ್ತಿತ್ತು. ಅರ್ಧ ಹೊಲ ಆಗಲೇ ಬರಿಮಣ್ಣು. ಬಿದ್ದ ಮಣ್ಣನ್ನು ಒಬ್ಬ ಪುಟಾಣಿ ಹಿಂದೆ ಹಿಂದೆಯೇ ಗುಡಿಸಿಕೊಂಡು ಬರುತ್ತಿದ್ದ.

"ಏನ್ ಆಯಾ ಇದು?" ಎಂದು ಕಾರ್ಯದರ್ಶಿ ಪಿಸುಗುಟ್ಟಿದರು.

"ಗಲಾಟೆ ಇಲ್ದೆ ಕೆಲ್ಸ ಮಾಡ್ತಾವ್ರಲ್ಲಾ ಅಂತ ಸುಮ್ಕಿದ್ದೆ ಕಣಮ್ಮ" ಎಂದಳು ನಮ್ಮ ಆಯಾ.

ದೆಹಲಿಯ ಹೆಂಗಸು ಒಳ್ಳೆಯವರು. ಕುತೂಹಲದಿಂದ ಬಗ್ಗಿ, ಎರಡು ಜಡೆಯ ನಮ್ಮ ಹುಡುಗಿಯ ಮುಂದೆ ಕೂತು, ಏನು ಮಾಡುತ್ತಿದ್ದೀಯ ಎಂದು ಹಿಂದಿಯಲ್ಲಿ ಕೇಳಿದರು. ಕಾರ್ಯದರ್ಶಿ ಅದನ್ನು ಕನ್ನಡದಲ್ಲಿ ಹೇಳಲೇಬೇಕಾಯಿತು. ಹುಡುಗಿ ಕೈಯಲ್ಲಿದ್ದ ಹುಲ್ಲನ್ನು ಜೋಪಾನವಾಗಿ ಕೆಳಗಿಟ್ಟು, ನಿಂತುಕೊಂಡು ಹೇಳಿದಳು:

"ಯಾರೋ ನಮ್ಮ ಅವರೆ ಮೇಲೆ ಚಾಪೆ ಹಾಸಿ, ಎತ್ತಿಡದೇ ಹೋಗ್ಬಿಟ್ಟಿದಾರೆ ಆಂಟಿ. ಮರ್ತೋಗಿರ್ಬೇಕು. ಅದಕ್ಕೆ ನಾವು ಎತ್ತಿಡ್ತಿದೀವಿ."

ಅತಿಥಿಗಳ ಜೊತೆ ಬಂದಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಹಿಂದಿಗೆ ತಿರುಗಿಸಿದ ಮೇಲೆ ದೆಹಲಿಯವರೂ ನಕ್ಕು, ಹುಡುಗಿಯ ಕೆನ್ನೆ ತಟ್ಟಿದರು. ಅಧ್ಯಕ್ಷೆ ಮಾತ್ರ ನಗಲಿಲ್ಲ. ಹುಲ್ಲಿನ ಕೆಳಗೆ ಎಲ್ಲೂ ಅವರೆ ಇರಲಿಲ್ಲ ಎಂಬುದು ಮಕ್ಕಳಿಗೆ ತಿಳಿದದ್ದು ಎಲ್ಲವನ್ನೂ ಎತ್ತಿ ಮುಗಿಸಿದ ಮೇಲೆ. ಅವರು ತಮ್ಮ ತಮ್ಮ ಸಾಲು ಇದ್ದ ಕಡೆ ಹೋಗಿ ನಿಂತು, ಮಣ್ಣು ನೋಡಿ, ನನ್ನ ಮುಖ ನೋಡಿದರು. ಆ ನೋಟಕ್ಕೆ ಉತ್ತರ ಕೊಡಬೇಕಾದವರು ಆಗಲೇ ಕಾರು ಹತ್ತಿದ್ದರು.

ಸಂಜೆ ಯಜಮಾನರು ಮುಖ ಕಪ್ಪಗೆ ಮಾಡಿಕೊಂಡು ಮನೆಗೆ ಬಂದರು. "ನಿನ್ನ ಹುಲ್ಲಿನ ಕತೆ ಶಾಪ್ ಫ್ಲೋರಿಗೆ ಬಂದ್ಬಿಟ್ಟಿದೆ ಕಣೇ. ನೀನೇ ಮಕ್ಕಳಿಗೆ ಹೇಳ್ಕೊಟ್ಟು ಮಾಡ್ಸಿದೆ ಅಂತಿದಾರೆ."

"ನಾನು ಹೇಳ್ಕೊಟ್ಟಿದ್ರೆ ಕುಂಡಾನೂ ಎತ್ತಿಸ್ತಿದ್ದೆ! ನನಗೆ ಅಷ್ಟು ಬುದ್ಧಿ ಹೊಳೀಲಿಲ್ವಲ್ಲ" ಎಂದೆ.

"ಸ್ವಲ್ಪ ಸುಮ್ನಿರೇ ಮಾರಾಯ್ತಿ" ಎಂದು ಕೈ ಮುಗಿದರು. ಆದರೆ ಅಧ್ಯಕ್ಷೆಯ ಸಿಟ್ಟು ನನ್ನ ಮೇಲೆ ಇಳಿಯಲಿಲ್ಲ. ನನ್ನನ್ನು ತೆಗೆದರೆ ಮಾಂಟೆಸ್ಸೊರಿ ನಡೆಸುವವರು ಬೇರೆ ಇರಲಿಲ್ಲವಲ್ಲ. ಇಳಿದದ್ದು ಆ ಮಗುವಿನ ಮೇಲೆ. ದೊಡ್ಡವರ ಮುಂದೆ ಎದುರುತ್ತರ ಕೊಟ್ಟಳು, ಸಮಾಜದ ಮಾನ ಕಳೆದಳು, ಸಭೆಯಲ್ಲಿ ಅಧ್ಯಕ್ಷೆಯ ಕ್ಷಮೆ ಕೇಳಬೇಕು. ಇಲ್ಲದಿದ್ದರೆ ಅವಳನ್ನು ಬಿಡಿಸಿಕೊಂಡು ಹೋಗಲಿ ಎಂದು ಆಜ್ಞೆಯಾಯಿತು. ಐದು ವರ್ಷದ ಕೂಸು! ಹುಲ್ಲು ಎತ್ತಿದವರಲ್ಲಿ ಆಫೀಸರ್‌ಗಳ ಮಕ್ಕಳು ಎಷ್ಟು ಮಂದಿ ಇದ್ದರು! ಅವರ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ಹೆಲ್ಪರ್ ಮಗಳೇ ಸಿಗಬೇಕಾಗಿತ್ತು ಇವರಿಗೆ. ಥೂ!

ಹುಡುಗಿಯ ಅಪ್ಪ ಮನೆಗೇ ಬಂದ. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಕೇಳುಸ್ಬುಡಿ ಮೇಡಂ. ಒಂದು ಮಾತು, ಏನೋಯ್ತದೆ."

"ಯಾಕಪ್ಪಾ ಕೇಳ್ಬೇಕು? ನಿಮ್ಮ ಮಗಳು ಏನು ತಪ್ಪು ಮಾಡಿದಾಳೆ? ಅವಳು ಬೆಳೆದದ್ದನ್ನ ಅವಳನ್ನ ಒಂದು ಮಾತು ಕೇಳ್ದೆ ಕಿತ್ತು ಬಿಸಾಕಿದವರು ಅವರು!"

ಆತ ನಗು ಅಲ್ಲದ ಒಂದು ನಗು ನಕ್ಕ. "ನಮ್ಮಪ್ಪನ್ನೂ ಯಾರೂ ಕೇಳ್ನಿಲ್ಲ ಮೇಡಂ. ಮರಕ್ಕೆ ಒಂದು ನೋಟೀಸು ಒಡುದು ಒಂಟೋದ್ರು. ಆವಾಗ್ಲೇ ಸುಮ್ಕಿದ್ವಿ. ಈಗ ಒಂದು ಇಡಿ ಅವರೆಗೆ ಜಗಳ ಆಡಿದ್ರೆ ನಮ್ಮ ಮಗಿ ಎಲ್ಲೋಯ್ತದೆ? ಅದು ಇಲ್ಲೇ ಓದ್ಬೇಕು."

ನನ್ನ ಸಿಟ್ಟಿನ ಬೆಲೆಯನ್ನು ಆ ಮಗು ಕೊಡಬಾರದಲ್ಲ. ಕೇಳುತ್ತಾಳೆ ಎಂದೆ. ಆದರೆ ನಮ್ಮ ಮಾಂಟೆಸ್ಸೊರಿಯಲ್ಲಿ ಹೇಗೆ ಕೇಳುತ್ತೇವೋ ಹಾಗೆಯೇ ಕೇಳುತ್ತಾಳೆ, ಬೇರೆ ಥರ ನಾನು ಹೇಳಿಕೊಡುವುದಿಲ್ಲ ಎಂದೂ ಹೇಳಿದೆ.

ಅಷ್ಟರಲ್ಲಿ ಹುಲ್ಲನ್ನು ಮತ್ತೆ ತಂದು ಹಾಸಿದರು. ಸುತ್ತ ತಂತಿಬೇಲಿ ಹಾಕಿದರು. ಒಳಗೆ ಕಾಲಿಡಬಾರದು ಎಂದು ಬೋರ್ಡು ಬೇರೆ. ಮಕ್ಕಳು ಹಿಂಬಾಗಿಲಿಗೆ ಹೋಗುವುದನ್ನೇ ಬಿಟ್ಟರು. ಕೊಟ್ಟ ಮಾತು ಎದೆಯಲ್ಲಿ ಚುಚ್ಚುತ್ತಿತ್ತು. ಸಂತೆಯಿಂದ ಸರ್ಜಾಪುರದ ಕಡೆಯ ಅವರೆಕಾಯಿ ತರಿಸಿದೆ. ಒಳ್ಳೆಯ ಕಾಯಿ, ಕೈಗೆ ಎಣ್ಣೆ ಅಂಟುವ ಸೊಗಡು. ಮಕ್ಕಳು ಚಾಪೆ ಹಾಸಿಕೊಂಡು ಸುಲಿದರು, ನೆನೆದ ಮೇಲೆ ಹಿದುಕಿದರು. ಬೇಳೆ ಹಾರಿ ಗೋಡೆಗೆ ಬಿದ್ದಾಗ ನಕ್ಕರು ಕೂಡ. ಅವರೆ ಯಾವ ಫ್ಯಾಕ್ಟರಿಯಲ್ಲಿ ಮಾಡುತ್ತಾರೆ ಎಂದು ಹಿಂದೊಮ್ಮೆ ಕೇಳಿದ್ದ ಹುಡುಗ ಒಂದು ಕಾಳನ್ನು ಹಿಡಿದು ನೋಡಿ, "ಮಿಸ್, ಇದು ನಮ್ದಾ?" ಎಂದ. ಮಕ್ಕಳಿಗೆ ನಾನು ಸುಳ್ಳು ಹೇಳಿದವಳಲ್ಲ. "ಅಲ್ಲ ಕಣೋ" ಎಂದೆ. ಅವನು ಅದನ್ನು ತಟ್ಟೆಗೆ ಹಾಕಿ, ಕೈ ತೊಳೆದುಕೊಂಡು, ತನ್ನ ಚಾಪೆ ಸುತ್ತಿಟ್ಟ.

ಹಬ್ಬ ಕಳೆದ ಮೇಲೆ ಸಮಾಜದ ಸಭೆ ನಡೆಯಿತು. ಹೆಂಗಸರೆಲ್ಲ ಅವರವರ ಗಂಡಂದಿರ ದರ್ಜೆಯ ಪ್ರಕಾರ ಕೂತಿದ್ದರು. ನಾನು ಹುಡುಗಿಯ ಕೈ ಹಿಡಿದುಕೊಂಡು ಕೊನೆಯ ಸಾಲಿನಲ್ಲಿ ನಿಂತಿದ್ದೆ. ಹಬ್ಬದ ಹೊಸ ಲಂಗ ಹಾಕಿಕೊಂಡು ಬಂದಿದ್ದಳು. ಕರೆದಾಗ ನನ್ನ ಕೈ ಬಿಟ್ಟು, ಸಾಲುಗಳ ನಡುವೆ ಒಬ್ಬಳೇ ನಡೆದುಕೊಂಡು ಹೋಗಿ, ಅಧ್ಯಕ್ಷೆಯ ಎದುರು ನಿಂತಳು. ತೀರ ಹತ್ತಿರವೂ ಅಲ್ಲ, ದೂರವೂ ಅಲ್ಲ, ನಾವು ಅಭ್ಯಾಸ ಮಾಡಿದ ಹಾಗೆ. ಕೈ ಕಟ್ಟಿಕೊಂಡು, ತಲೆ ಎತ್ತಿ, ಆಕೆಯ ಕಣ್ಣನ್ನೇ ನೋಡುತ್ತ ಸ್ಪಷ್ಟವಾಗಿ ಹೇಳಿದಳು:

"ಆಂಟಿ, ನಿಮ್ಮ ಹುಲ್ಲನ್ನ ನಿಮ್ಮನ್ನ ಕೇಳ್ದೆ ಎತ್ತಿಟ್ಟೆ. ತಪ್ಪಾಯ್ತು."

ಸಭೆಯಲ್ಲಿ ನಿಟ್ಟುಸಿರು ಕೇಳಿಸಿತು. ಅಧ್ಯಕ್ಷೆಗೂ ಸಮಾಧಾನವಾಯಿತು. "ಗುಡ್. ಇನ್ಮೇಲೆ ಹಾಗೆಲ್ಲ ಮಾಡ್ಬಾರ್ದು, ಆಯ್ತಾ? ಹೋಗು" ಎಂದು ಕೈಯಾಡಿಸಿ, ಕಾರ್ಯದರ್ಶಿಯ ಕಡೆ ತಿರುಗಿದರು.

ಹುಡುಗಿ ಹೋಗಲಿಲ್ಲ. ಕಟ್ಟಿದ ಕೈ ಕಟ್ಟಿಕೊಂಡೇ ನಿಂತಿದ್ದಳು.

"ಹೋಗಮ್ಮ, ಮುಗೀತಲ್ಲ" ಎಂದರು ಕಾರ್ಯದರ್ಶಿ. ಅವಳು ಅಲ್ಲಾಡಲಿಲ್ಲ. ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಅಧ್ಯಕ್ಷೆ ಒಮ್ಮೆ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಮಗು ಅವರ ಮುಖವನ್ನು ಸಿಟ್ಟಿಲ್ಲದೆ, ಹೆದರಿಕೆಯಿಲ್ಲದೆ ನೋಡುತ್ತಲೇ ಇತ್ತು. ತೊದಲುವ ಜೊತೆಯವರಿಗೆ ಕಾಯುವಾಗ ನಮ್ಮ ಮಕ್ಕಳು ಹಾಗೆಯೇ ನೋಡುವುದು.

"ಮಿಸ್, ಕರ್ಕೊಂಡ್ ಹೋಗ್ರೀ ಅವಳನ್ನ" ಎಂದು ಯಾರೋ ನನಗೆ ಹೇಳಿದರು. ಅಷ್ಟೂ ತಲೆಗಳು ನನ್ನ ಕಡೆ ತಿರುಗಿದವು. ಹುಡುಗಿಯೂ ತಿರುಗಿದಳು.

"ಮಿಸ್, ಆಂಟಿಗೆ ಇನ್ನೂ ಹೇಳಕ್ಕೆ ಬಂದಿಲ್ಲ" ಎಂದಳು. "ಪರವಾಗಿಲ್ಲ, ನಾನು ಕಾಯ್ತೀನಿ."

ನಾನು ಕರೆಯಲಿಲ್ಲ.